ಲ್ಯಾಂಡ್‌ಲೈನ್‌ಗೆ ಫ್ಯಾಕ್ಸ್ ಮೆಷಿನ್ ಕೂರಿಸೋದು: ರೋಸೆಟ್ ಬಾಕ್ಸ್‌ನಿಂದ ಮೊದಲ ಓಕೆ ರಿಪೋರ್ಟ್‌ವರೆಗೆ

ಹೋದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಆಫೀಸಿಂದ ಫೋನ್ ಬಂತು. ಐದು ಪುಟ ಹಾಕಿದ್ರೆ ಎರಡು ಹೋಗತ್ತೆ, ಮೂರನೇದಕ್ಕೆ ಕಮ್ಯುನಿಕೇಷನ್ ಎರರ್ ಅಂತ ತೋರಿಸಿ ನಿಂತುಬಿಡತ್ತೆ, ಮೆಷಿನ್ ಹೋಯ್ತು ಅನ್ಸತ್ತೆ, ಹೊಸದು ಎಷ್ಟಾಗತ್ತೆ ನೋಡಿ ಹೇಳಿ ಅಂದ್ರು. ಹೋದೆ. ಮೆಷಿನ್ ಮುಟ್ಲೇ ಇಲ್ಲ, ರಿಸೀವರ್ ಎತ್ತಿ ಒಂದೇ ಒಂದು ನಂಬರ್ ಒತ್ತಿದೆ, ಡಯಲ್ ಟೋನ್ ನಿಲ್ತು. ಅದು ನಿಂತ ಮೇಲೆ ಲೈನು ನಿಶ್ಶಬ್ದ ಇರ್ಬೇಕು. ಇರ್ಲಿಲ್ಲ, ಎಣ್ಣೆಗೆ ಸಾಸಿವೆ ಹಾಕಿದಾಗ ಚಟಪಟ ಅನ್ನತ್ತಲ್ಲ ಆ ಥರ ಸದ್ದು. ಗೋಡೆ ಮೇಲಿನ ರೋಸೆಟ್ ಬಾಕ್ಸ್, ಅಂದ್ರೆ ಹೊರಗಿನ ಫೋನ್ ವೈರ್ ಬಂದು ಸೇರೋ ಸಣ್ಣ ಡಬ್ಬಿ, ಬಿಚ್ಚಿದ್ರೆ ಒಳಗಿನ ಎರಡೂ ಸ್ಕ್ರೂಗೆ ಹಸಿರು ಕಿಲುಬು, ಒಂದು ವೈರು ಬರೀ ತುದಿಯಲ್ಲಿ ಅಂಟ್ಕೊಂಡಿತ್ತು, ಮೂಲೆಯಲ್ಲಿ ಇರುವೆ ಮೊಟ್ಟೆ ಬೇರೆ. ಅರ್ಧ ಇಂಚು ವೈರ್ ಕತ್ತರಿಸಿ, ಸಿಪ್ಪೆ ಹೊಸದಾಗಿ ತೆಗೆದು, ಸ್ಕ್ರೂ ಉಜ್ಜಿ ಬಿಗಿ ಮಾಡಿದೆ. ಐದೂ ಪುಟ ಹೋಯ್ತು.

ಇದನ್ನ ಮೊದಲೇ ಹೇಳೋದಕ್ಕೆ ಕಾರಣ ಏನಂದ್ರೆ, ಫ್ಯಾಕ್ಸ್ ತೊಂದರೆ ಅಂತ ನಾನು ನೋಡಿರೋದ್ರಲ್ಲಿ ಹೆಚ್ಚಿನವು ಲೈನಿನ ತೊಂದರೆ, ಮೆಷಿನ್ನಿನದಲ್ಲ. ಮಾತಾಡುವಾಗ ಲೈನ್ ಸ್ವಲ್ಪ ಕರಕರ ಅಂದ್ರೂ ನಾವು ಅರ್ಥ ಮಾಡ್ಕೊಂಡುಬಿಡ್ತೀವಿ, ಅರ್ಧ ಪದ ನುಂಗಿದ್ರೂ ಊಹೆ ಮಾಡ್ತೀವಿ, ಫ್ಯಾಕ್ಸಿಗೆ ಆ ಊಹೆ ಬರಲ್ಲ. ಹಾಗಾಗಿ ಸೆಟಪ್ ಅಂದ ತಕ್ಷಣ ಮೆನು ಒತ್ತೋಕೆ ಹೋಗ್ಬೇಡಿ, ಗೋಡೆಯಿಂದ ಶುರು ಮಾಡಿ. ಕೆಳಗೆ ಬರೆದಿರೋದೂ ಅದೇ ಕ್ರಮದಲ್ಲಿ.

ಸರ್ಕಾರಿ ಆಫೀಸುಗಳ ಲೆಟರ್‌ಹೆಡ್ಡಲ್ಲಿ ಇವತ್ತಿಗೂ ಫ್ಯಾಕ್ಸ್ ನಂಬರ್ ಇರತ್ತೆ. ಅಮೆರಿಕದ ಆಸ್ಪತ್ರೆ, ಇನ್ಶೂರೆನ್ಸ್ ಕಡೆಯವರಂತೂ ರೋಗಿಯ ಕಾಗದಪತ್ರ ಫ್ಯಾಕ್ಸಲ್ಲೇ ಕೇಳೋದು ಇನ್ನೂ ಇದೆ, ಮಗಳೋ ಮಗನೋ ಅಲ್ಲಿರೋ ಮನೆಯವರಿಗೆ ಇದು ಗೊತ್ತಿರತ್ತೆ. ಬೇಕಾದವರಿಗೆ ಬೇಕು, ಅವರಿಗಾಗಿ ಬರೀತಿದೀನಿ.

ಮೊದಲು ನಿಮ್ಮ ಲೈನ್ ಯಾವ ಥರದ್ದು ನೋಡ್ಕೊಳ್ಳಿ

ಕಂಬದಿಂದ ಮನೆಗೆ ಬಂದಿರೋದು ಹಳೇ ತಾಮ್ರದ ಎರಡು ವೈರಾ, ಅಥವಾ ಫೈಬರ್ರಾ? ತಾಮ್ರ ಆದ್ರೆ ಅದು ಗೋಡೆಯ ರೋಸೆಟ್‌ಗೆ ಬಂದು ಸೇರತ್ತೆ, ಅಲ್ಲಿಂದ ಫೋನಿಗೆ. ಫೈಬರ್ ಆದ್ರೆ ಒಎನ್‌ಟಿ ಅನ್ನೋ ಪೆಟ್ಟಿಗೆ ಇರತ್ತೆ, ಜನ ಅದನ್ನ ಮೋಡೆಮ್ ಅಂತಾನೇ ಕರೀತಾರೆ, ಅದರ ಹಿಂದೆ ಟೆಲ್, ಫೋನ್ ಅಥವಾ ಪಾಟ್ಸ್ ಅಂತ ಬರೆದಿರೋ ಸಣ್ಣ ತೂತಿಗೆ ಫೋನ್ ಸಿಕ್ಕಿಸಿರ್ತಾರೆ. ಬಿಎಸ್‌ಎನ್‌ಎಲ್‌ನ ಹಳೇ ತಾಮ್ರದ ಲೈನುಗಳು ಎಷ್ಟೋ ಕಡೆ ಹೀಗೆ ಭಾರತ್ ಫೈಬರ್‌ಗೆ ಬದಲಾಗಿವೆ, ನಂಬರ್ ಹಳೇದೇ ಇರೋದ್ರಿಂದ ಬದಲಾಗಿದ್ದು ಆಫೀಸಲ್ಲಿ ಎಲ್ಲರಿಗೂ ಗೊತ್ತಿರಲ್ಲ. ಫೈಬರ್ ವಿಷಯ ದೊಡ್ಡದು, ಅದಕ್ಕೆ ಆಮೇಲೆ ಬರ್ತೀನಿ.

ಮೂರನೇದು ಇಂಟರ್‌ಕಾಮ್, ಅಂದ್ರೆ ಇಪಿಎಬಿಎಕ್ಸ್ ಎಕ್ಸ್‌ಟೆನ್ಷನ್. ಮಾಮೂಲಿ ಎರಡು ವೈರಿನ ಅನಲಾಗ್ ಎಕ್ಸ್‌ಟೆನ್ಷನ್ ಆದ್ರೆ ಫ್ಯಾಕ್ಸ್ ಹಾಕಬಹುದು, ಆಪರೇಟರ್ ಟೇಬಲ್ ಮೇಲಿರೋ ದೊಡ್ಡ ಡಿಸ್‌ಪ್ಲೇ ಫೋನಿನ ಡಿಜಿಟಲ್ ಪೋರ್ಟಿಗೆ ಮಾತ್ರ ಹಾಕ್ಬೇಡಿ, ಕೆಲಸ ಮಾಡಲ್ಲ, ಮೆಷಿನ್ ಹಾಳಾಗೋ ಸಾಧ್ಯತೆನೂ ಇದೆ. ಆದರೆ ನನ್ನ ಮಾತು ಕೇಳೋದಾದ್ರೆ ಇಂಟರ್‌ಕಾಮ್ ಮಧ್ಯೆ ತರದೇ ನೇರ ಲೈನ್ ಕೊಡಿ. ಸಿಮ್ ಹಾಕೋ ಮೇಜಿನ ಫೋನ್ ಇದ್ಯಲ್ಲ, ನೋಡೋಕೆ ಲ್ಯಾಂಡ್‌ಲೈನ್ ಥರಾನೇ ಇರೋದು, ಅದರಲ್ಲಿ ಫ್ಯಾಕ್ಸ್ ಆಸೆ ಬಿಟ್ಬಿಡಿ. ಮೊಬೈಲ್ ನೆಟ್‌ವರ್ಕ್ ಮನುಷ್ಯರ ಮಾತನ್ನ ಹಿಂಡಿ ಸಣ್ಣ ಮಾಡಿ ಕಳಿಸೋಕೆ ಮಾಡಿರೋದು, ಫ್ಯಾಕ್ಸಿನ ಸದ್ದು ಆ ಹಿಂಡುವಿಕೆಯಲ್ಲಿ ಉಳಿಯಲ್ಲ.

ಲೈನ್ ಟೆಸ್ಟ್

ಒಂದು ಮಾಮೂಲಿ ಫೋನ್ ತಗೊಂಡು ಲೈನಿಗೆ ನೇರವಾಗಿ ಹಾಕಿ. ಕಾರ್ಡ್‌ಲೆಸ್ ಬೇಡ, ಅದು ತನ್ನದೇ ಸದ್ದು ಸೇರಿಸತ್ತೆ. ಡಯಲ್ ಟೋನ್ ಬಂತಾ? ಈಗ ಮೇಲೆ ಹೇಳಿದ ಹಾಗೆ ಒಂದು ನಂಬರ್ ಒತ್ತಿ ಸುಮ್ಮನೆ ಕೇಳಿ, ಹಿಂದೆ ಏನೂ ಕೇಳಬಾರದು. ಗುಂಯ್ ಅನ್ನೋ ಕರೆಂಟ್ ಸದ್ದು ಬಂದ್ರೆ ಎಲ್ಲೋ ಒಂದು ವೈರು ನೆಲಕ್ಕೆ ಅಥವಾ ಒದ್ದೆ ಗೋಡೆಗೆ ತಾಗ್ತಿದೆ. ಚಟಪಟ ಬಂದ್ರೆ ಜಾಯಿಂಟ್ ಸಡಿಲ ಅಥವಾ ಕಿಲುಬು. ಇನ್ಯಾರದೋ ಮಾತು ಸಣ್ಣಗೆ ಕೇಳಿದ್ರೆ ಅದು ಹೊರಗಿನ ಕೇಬಲ್ ಸಮಸ್ಯೆ, ಕಂಪ್ಲೇಂಟ್ ಕೊಟ್ಟು ಲೈನ್‌ಮ್ಯಾನ್ ಕರೆಸ್ಬೇಕು, ಡಿಪಿ ಬಾಕ್ಸಲ್ಲಿ, ಅಂದ್ರೆ ದೊಡ್ಡ ಕೇಬಲಿಂದ ಮನೆಮನೆಗೆ ವೈರ್ ಕವಲೊಡೆಯೋ ಪೆಟ್ಟಿಗೆಯಲ್ಲಿ, ಬೇರೆ ಜೋಡಿ ವೈರಿಗೆ ಹಾಕಿಸ್ಬೇಕು. ಕಂಪ್ಲೇಂಟ್ ಕೊಡುವಾಗ ಫ್ಯಾಕ್ಸ್ ಹೋಗ್ತಿಲ್ಲ ಅನ್ಬೇಡಿ, ಲೈನಲ್ಲಿ ನಾಯ್ಸ್ ಇದೆ ಅನ್ನಿ, ಆಗ ಅವರು ನಿಮ್ಮ ಮೆಷಿನ್ ನೋಡ್ತಾ ಕೂರಲ್ಲ, ಲೈನ್ ನೋಡ್ತಾರೆ.

ಮಲ್ಟಿಮೀಟರ್ ಇದ್ರೆ ಡಿಸಿ ವೋಲ್ಟ್ ಇಟ್ಟು ಎರಡು ವೈರಿನ ಮಧ್ಯೆ ನೋಡಿ. ಫೋನ್ ಇಟ್ಟಿದ್ದಾಗ ತಾಮ್ರದ ಲೈನಲ್ಲಿ 48 ವೋಲ್ಟ್ ಆಸುಪಾಸು ಬರತ್ತೆ, ಎತ್ತಿದಾಗ ಹತ್ತರ ಹತ್ರ ಇಳಿಯತ್ತೆ. ಒಂದು ಎಚ್ಚರ, ರಿಂಗ್ ಬರುವಾಗ ಇದೇ ವೈರಲ್ಲಿ 75 ವೋಲ್ಟ್ ಹತ್ರದ ಎಸಿ ಓಡತ್ತೆ, ಬರಿಗೈಲಿ ವೈರ್ ಹಿಡ್ಕೊಂಡಿದ್ದಾಗ ಯಾರಾದ್ರೂ ಫೋನ್ ಮಾಡಿದ್ರೆ ಚುರುಕ್ ಅನ್ನತ್ತೆ, ಏಣಿ ಮೇಲೆ ನಿಂತಿದ್ರೆ ಬೀಳ್ತೀರ. ಒದ್ದೆ ಕೈಲಿ ರೋಸೆಟ್ ಬಿಚ್ಚಬೇಡಿ.

ಮೆಷಿನ್ ಇಡೋ ಜಾಗ, ಕರೆಂಟು

ಕಿಟಕಿ ಪಕ್ಕ ಬೇಡ. ಮಳೆಗಾಲದಲ್ಲಿ ಕಾಗದ ತೇವ ಎಳ್ಕೊಂಡು ಒಂದರ ಹಿಂದೆ ಒಂದು ಅಂಟಿ ಎಳೆಯತ್ತೆ. ಅರ್ತ್ ಸರಿ ಇರೋ ಮೂರು ಪಿನ್ನಿನ ಸಾಕೆಟ್ಟೇ ಬೇಕು. ಲೇಸರ್ ಆಲ್ ಇನ್ ಒನ್ ಮೆಷಿನ್ ಆದ್ರೆ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕ್ಬೇಡಿ, ಒಳಗಿನ ಹೀಟರ್ ಕಾಯುವಾಗ ತುಂಬ ಕರೆಂಟ್ ಎಳೆಯತ್ತೆ, ಯುಪಿಎಸ್ ಟ್ರಿಪ್ ಆಗತ್ತೆ.

ಅಮೆರಿಕದಿಂದ ಬರುವಾಗ ಯಾರೋ ತಂದುಕೊಟ್ಟ ಮೆಷಿನ್ ಆದ್ರೆ ಹಿಂದಿನ ಲೇಬಲ್ ಓದಿ. 120 ವೋಲ್ಟ್ 60 ಹರ್ಟ್ಜ್ ಅಂತ ಮಾತ್ರ ಇದ್ರೆ ನಮ್ಮ 230 ವೋಲ್ಟಿಗೆ ಪಿನ್ ಬದಲಿಸೋ ಅಡಾಪ್ಟರ್ ಹಾಕಿ ಸಿಕ್ಕಿಸಿದ ಕ್ಷಣವೇ ಸುಟ್ಟುಹೋಗತ್ತೆ. 100-240 ಅಂತ ಇದ್ರೆ ಮಾತ್ರ ನೇರ ಹಾಕ್ಬಹುದು.

ಥರ್ಮಲ್ ಮೆಷಿನ್ ಆದ್ರೆ, ಅಂದ್ರೆ ಪ್ಯಾನಾಸೋನಿಕ್ ಕೆಎಕ್ಸ್-ಎಫ್‌ಟಿ ಸಾಲಿನ ರೋಲ್ ಪೇಪರ್ ಮೆಷಿನ್ ಥರದ್ದು, ರೋಲನ್ನ ಯಾವ ಮುಖ ಹಾಕ್ಬೇಕು ಅನ್ನೋದು ಗೊತ್ತಾಗ್ಲಿಲ್ಲ ಅಂದ್ರೆ ಉಗುರಲ್ಲಿ ಜೋರಾಗಿ ಗೀರಿ. ಕಪ್ಪು ಗೆರೆ ಬಿದ್ದ ಮುಖಕ್ಕೇ ಕೋಟಿಂಗ್ ಇರೋದು, ಅದು ಪ್ರಿಂಟ್ ಹೆಡ್ ಕಡೆಗೆ ಬರ್ಬೇಕು. ಉಲ್ಟಾ ಹಾಕಿದ್ರೆ ಫ್ಯಾಕ್ಸ್ ಬರತ್ತೆ, ಕಾಗದ ಬಿಳೀನೇ ಇರತ್ತೆ, ಜನ ಮೆಷಿನ್ ಕೆಟ್ಟಿದೆ ಅಂದ್ಕೊಳ್ತಾರೆ. ಹಾಕಿದ ಮೇಲೆ ಒಂದು ಕಾಪಿ ತೆಗೆದು ನೋಡಿ. ಕಾಪಿ ಸರಿ ಬಂದ್ರೆ ಮೆಷಿನ್ನಿನ ಕಣ್ಣೂ ಕೈಯೂ ಸರಿ ಇವೆ ಅಂತ, ಇನ್ನು ಉಳಿದಿದ್ದು ಕಿವಿ ಬಾಯಿ, ಅಂದ್ರೆ ಲೈನು.

ವೈರ್ ಯಾವುದಕ್ಕೆ

ಮೆಷಿನ್ ಹಿಂದೆ ಅಥವಾ ಪಕ್ಕದಲ್ಲಿ ಒಂದೇ ಥರದ ಎರಡು ಆರ್‌ಜೆ 11 ತೂತು ಇರತ್ತೆ. ಒಂದರ ಮೇಲೆ ಲೈನ್, ಇನ್ನೊಂದರ ಮೇಲೆ ಎಕ್ಸ್‌ಟಿ ಅಥವಾ ಫೋನ್. ಗೋಡೆಯಿಂದ ಬರೋ ವೈರು ಲೈನ್‌ಗೆ, ಪಕ್ಕದಲ್ಲಿಡೋ ಮಾತಾಡೋ ಫೋನು ಎಕ್ಸ್‌ಟಿಗೆ. ಎಕ್ಸ್‌ಟಿ ತೂತಿಗೆ ಕೆಲವು ಮೆಷಿನ್ನಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿರ್ತಾರೆ, ಅದನ್ನ ಕಿತ್ತು ಹಾಕ್ಬೇಕು. ಉಲ್ಟಾ ಹಾಕಿದ್ರೆ ಡಯಲ್ ಟೋನ್ ಕೇಳಿಸಿಯೂ ಫ್ಯಾಕ್ಸ್ ಹೋಗದೇ ಇರೋ ವಿಚಿತ್ರ ಪರಿಸ್ಥಿತಿ ಬರತ್ತೆ.

ಈಗ ಇಲ್ಲಿ ಒಂದು ವಿಷಯ, ನಮ್ಮ ಕಡೆ ಎಲ್ಲ ಆಫೀಸಲ್ಲೂ ಇರೋ ಅಭ್ಯಾಸ, ಒಂದು ಲೈನ್ ಬಂದ್ರೆ ಅದಕ್ಕೆ ಪ್ಯಾರಲಲ್ ಅಂತ ಮೂರು ಕಡೆ ಫೋನ್ ಎಳೆದಿರ್ತಾರೆ, ಸಾಹೇಬರ ರೂಮಿಗೊಂದು, ಹೊರಗೊಂದು, ಮೇಲಿನ ಮನೆಗೊಂದು. ಫ್ಯಾಕ್ಸ್ ಹೋಗ್ತಿರುವಾಗ ಮೇಲಿನ ಮನೆಯಲ್ಲಿ ಯಾರೋ ರಿಸೀವರ್ ಎತ್ತಿದ್ರೂ ಸಾಕು, ಆ ಪುಟ ಅಲ್ಲೇ ಸತ್ತುಹೋಯ್ತು. ಫೋನನ್ನ ಎಕ್ಸ್‌ಟಿ ತೂತಿಗೆ ಹಾಕಿ ಅಂತ ಹೇಳೋದು ಇದಕ್ಕೇ, ಆಗ ಫ್ಯಾಕ್ಸ್ ಓಡುವಾಗ ಮೆಷಿನ್ನೇ ಆ ಫೋನನ್ನ ಲೈನಿಂದ ಕಿತ್ತು ಇಟ್ಟಿರತ್ತೆ, ಎತ್ತಿದ್ರೂ ಏನೂ ಆಗಲ್ಲ. ಹಾಗಾಗಿ ಹೊರಗಿಂದ ಬರೋ ಲೈನ್ ಮೊದಲು ಫ್ಯಾಕ್ಸಿಗೆ ಬರ್ಲಿ, ಅಲ್ಲಿಂದ ಮುಂದಕ್ಕೆ ಉಳಿದ ಫೋನುಗಳು. ವೈರ್ ಎಳೆಯೋಕೆ ಸ್ವಲ್ಪ ಹೆಚ್ಚು ಕೆಲಸ, ಆದರೆ ಒಂದೇ ಸಲ.

ತಾಮ್ರದ ಲೈನಲ್ಲೇ ಬ್ರಾಡ್‌ಬ್ಯಾಂಡ್ ಕೂಡ ಇದ್ರೆ ಸ್ಪ್ಲಿಟರ್ ಅಂತ ಒಂದು ಬಿಳಿ ಡಬ್ಬಿ ಇರತ್ತೆ, ಮೂರು ತೂತು, ಲೈನ್, ಮೋಡೆಮ್, ಫೋನ್. ಫ್ಯಾಕ್ಸ್ ಬರ್ಬೇಕಾಗಿದ್ದು ಫೋನ್ ತೂತಿಂದ. ಸ್ಪ್ಲಿಟರ್ ಮೊದಲೇ ಎಲ್ಲಾದ್ರೂ ಒಂದು ಪ್ಯಾರಲಲ್ ಕವಲು ಹೊಡೆದಿದ್ರೆ ಫ್ಯಾಕ್ಸೂ ಕೆಡತ್ತೆ ನೆಟ್ಟೂ ಕಟ್ ಆಗತ್ತೆ.

ಮೆನುವಿನಲ್ಲಿ ಮಾಡ್ಬೇಕಾದ್ದು

ತಾರೀಕು, ಟೈಮ್ ಮೊದಲು. ಇದು ಕಳಿಸೋ ಪ್ರತೀ ಪುಟದ ತಲೆ ಮೇಲೆ ಅಚ್ಚಾಗತ್ತೆ, ನಾಳೆ ಯಾವುದೋ ಕೇಸಲ್ಲಿ ಇಂಥ ದಿನ ಕಳಿಸಿದ್ವಿ ಅಂತ ತೋರಿಸ್ಬೇಕಾದ್ರೆ ಅದರಲ್ಲಿ 2005ರ ಜನವರಿ ಒಂದು ಅಂತ ಇದ್ರೆ ಯಾರೂ ಒಪ್ಪಲ್ಲ. ಆಮೇಲೆ ನಿಮ್ಮ ಹೆಸರು ಮತ್ತು ಫ್ಯಾಕ್ಸ್ ನಂಬರ್. ನಂಬರನ್ನ +91 ಹಾಕಿ, ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬಿಟ್ಟು ಬರೀರಿ, ಶಿವಮೊಗ್ಗ ಆದ್ರೆ +91 8182 ಆದ್ಮೇಲೆ ನಿಮ್ಮ ಆರು ಅಂಕಿ.

ಡಯಲಿಂಗ್ ಮೋಡ್ ಟೋನ್ ಇರ್ಲಿ. ಹಳೇ ಮೆಷಿನ್ ಪಲ್ಸ್‌ಗೆ ಇಟ್ಟಿದ್ರೆ ಟಕಟಕ ಅಂತ ಡಯಲ್ ಮಾಡತ್ತೆ, ಫೈಬರ್ ಲೈನುಗಳಲ್ಲಿ ಅದು ನಡೆಯೋ ಭರವಸೆ ಇಲ್ಲ.

ರಿಸೀವ್ ಮೋಡ್ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಲೈನ್ ಬರೀ ಫ್ಯಾಕ್ಸಿಗೇ ಅಂದ್ರೆ ಫ್ಯಾಕ್ಸ್ ಓನ್ಲಿ ಇಟ್ಟು ಎರಡು ರಿಂಗಿಗೆ ಎತ್ತೋ ಹಾಗೆ ಮಾಡಿ, ಮುಗೀತು. ಒಂದೇ ಲೈನಲ್ಲಿ ಮಾತೂ ಫ್ಯಾಕ್ಸೂ ಎರಡೂ ಆಗ್ಬೇಕು ಅಂದ್ರೆ ಟೆಲ್/ಫ್ಯಾಕ್ಸ್ ಅಂತ ಇರತ್ತೆ. ಮೆಷಿನ್ ತಾನೇ ಎತ್ತಿ ಆ ಕಡೆಯಿಂದ ಕುಂಯ್, ಕುಂಯ್ ಅಂತ ಫ್ಯಾಕ್ಸಿನ ಕರೆ ಬರತ್ತಾ ಅಂತ ಕೇಳತ್ತೆ, ಬಂದ್ರೆ ಕಾಗದ ತಗೊಳ್ಳತ್ತೆ, ಇಲ್ದಿದ್ರೆ ಮನುಷ್ಯರು ಅಂತ ತಿಳಿದು ಬೇರೆ ಥರ ರಿಂಗ್ ಮಾಡಿ ನಿಮ್ಮನ್ನ ಕರೆಯತ್ತೆ. ರಿಂಗ್ ಸಂಖ್ಯೆ ಜಾಸ್ತಿ ಇಡ್ಬೇಡಿ. ನಮ್ಮ ದೇಶದ ಟ್ರಿಂಗ್ ಟ್ರಿಂಗ್ ಒಂದು ಸುತ್ತು ಅಂದ್ರೆ 3 ಸೆಕೆಂಡ್, ಎಂಟು ರಿಂಗ್ ಇಟ್ರೆ 24 ಸೆಕೆಂಡ್ ಅಲ್ಲೇ ಹೋಯ್ತು, ಕಳಿಸೋ ಮೆಷಿನ್ ಬೇಸತ್ತು ಕಟ್ ಮಾಡತ್ತೆ. ನಾಲ್ಕು ಸಾಕು.

ಬರೀ ಟೆಲ್ ಮೋಡಲ್ಲಿ ಇಟ್ರೆ ಯಾರಾದ್ರೂ ಪಕ್ಕದಲ್ಲಿ ಇರ್ಲೇಬೇಕು. 2018ರ ನವೆಂಬರ್ 21ಕ್ಕೆ ಜಮ್ಮು ಕಾಶ್ಮೀರದಲ್ಲಿ ಮೆಹಬೂಬಾ ಮುಫ್ತಿ ಅವರು ಸರ್ಕಾರ ರಚನೆ ಹಕ್ಕು ಮಂಡಿಸೋ ಪತ್ರ ರಾಜಭವನಕ್ಕೆ ಫ್ಯಾಕ್ಸ್ ಮಾಡೋಕೆ ನೋಡಿದ್ರು, ತಲುಪ್ತಿಲ್ಲ ಅಂತ ಟ್ವಿಟರಲ್ಲೇ ಹಾಕಿದ್ರು. ಹಬ್ಬದ ದಿನ, ಅಲ್ಲಿ ಫ್ಯಾಕ್ಸ್ ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲ ಅಂತ ರಾಜ್ಯಪಾಲರು ಆಮೇಲೆ ಹೇಳಿದ್ರು. ಅಷ್ಟು ದೊಡ್ಡ ವಿಷಯಕ್ಕೂ ಹೀಗಾಗತ್ತೆ ಅಂದ್ಮೇಲೆ ನಿಮ್ಮ ಆಫೀಸಿನ ರಜಾ ದಿನಕ್ಕೆ ಆಟೋ ರಿಸೀವ್ ಇಟ್ಟು, ಟ್ರೇ ತುಂಬ ಕಾಗದ ಹಾಕಿ ಬಾಗಿಲು ಹಾಕಿ. ಕಾಗದ ಮುಗಿದ್ರೆ ಮೆಷಿನ್ ಮೆಮೊರಿಯಲ್ಲಿ ಇಟ್ಕೊಳ್ಳತ್ತೆ ನಿಜ, ಆದರೆ ಕೆಲವು ಮೆಷಿನ್ನಲ್ಲಿ ಕರೆಂಟ್ ಹೋದ್ರೆ ಅದೂ ಅಳಿಸಿಹೋಗತ್ತೆ.

ದೂರದ ಟೇಬಲ್ಲಿನ ಫೋನಲ್ಲಿ ನೀವೇ ಎತ್ತಿಬಿಟ್ರಿ, ಆ ಕಡೆ ಫ್ಯಾಕ್ಸ್ ಕುಂಯ್ ಅಂತಿದೆ, ಓಡಿಹೋಗಿ ಸ್ಟಾರ್ಟ್ ಒತ್ತೋ ಅಗತ್ಯ ಇಲ್ಲ. ಅದಕ್ಕೊಂದು ಕೋಡ್ ಇರತ್ತೆ, ಪ್ಯಾನಾಸೋನಿಕ್ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಸ್ಟಾರ್ ಹ್ಯಾಶ್ 9, ಬ್ರದರ್‌ನಲ್ಲಿ ಸ್ಟಾರ್ 51. ಫೋನಲ್ಲೇ ಒತ್ತಿದ್ರೆ ಮೆಷಿನ್ ಕರೆಯನ್ನ ಎಳ್ಕೊಳ್ಳತ್ತೆ. ಮೆನುವಲ್ಲಿ ಈ ಸೌಲಭ್ಯ ಆನ್ ಇದ್ಯಾ ನೋಡ್ಕೊಳ್ಳಿ.

ಮೆಷಿನ್ ಹೊರಗೆ ನೋಡ್ಬೇಕಾದ್ದು ಎರಡು. ಲೈನಿಗೆ ಕಾಲ್ ವೇಟಿಂಗ್ ಇದ್ರೆ ತೆಗೆಸಿ, ಮಧ್ಯೆ ಬರೋ ಆ ಬೀಪ್ ಫ್ಯಾಕ್ಸನ್ನ ಕತ್ತರಿಸತ್ತೆ. ಎಸ್‌ಟಿಡಿ, ಐಎಸ್‌ಡಿ ಲಾಕ್ ಆಗಿದ್ಯಾ ಅಂತ ಫೋನಿಂದಲೇ ಡಯಲ್ ಮಾಡಿ ನೋಡಿ. ಮೆಷಿನ್ನಿಗೆ ಲಾಕ್ ಆಗಿದೆ ಅನ್ನೋ ರೆಕಾರ್ಡಿಂಗ್ ಅರ್ಥ ಆಗಲ್ಲ, ಅದು ಸುಮ್ನೆ ನೋ ರೆಸ್ಪಾನ್ಸ್ ಅನ್ನತ್ತೆ.

ಆ ಸದ್ದುಗಳು ಏನು ಹೇಳ್ತವೆ

ಸ್ಪೀಕರ್ ಅಥವಾ ಮಾನಿಟರ್ ಆನ್ ಇಟ್ಟು ಮೊದಲ ನಾಲ್ಕಾರು ಫ್ಯಾಕ್ಸ್ ಕಿವಿಯಿಂದ ಕೇಳಿ, ಇದು ಕಲಿತ್ರೆ ಅರ್ಧ ರಿಪೇರಿ ನೀವೇ ಮಾಡ್ತೀರ. ಕರೆ ಮಾಡಿದ ಮೆಷಿನ್ 1100 ಹರ್ಟ್ಜ್‌ನಲ್ಲಿ ಅರ್ಧ ಸೆಕೆಂಡ್ ಕೂಗಿ 3 ಸೆಕೆಂಡ್ ಸುಮ್ಮನಿರತ್ತೆ, ಮತ್ತೆ ಕೂಗತ್ತೆ, ನಾನು ಫ್ಯಾಕ್ಸು ಅಂತ ಬಾಗಿಲು ತಟ್ಟಿದ ಹಾಗೆ. ಎತ್ತಿದ ಮೆಷಿನ್ 2100 ಹರ್ಟ್ಜ್‌ನಲ್ಲಿ ಮೂರು ಸೆಕೆಂಡ್ ಹತ್ರ ಒಂದೇ ಸಮ ಸಿಳ್ಳೆ ಹೊಡೆಯತ್ತೆ. ಆಮೇಲೆ ಗರಗರ ಅಂತ ದಪ್ಪ ಸದ್ದು, ಅಲ್ಲಿ ಸ್ವೀಕರಿಸೋ ಮೆಷಿನ್ ತನಗೆ ಏನೇನು ಬರತ್ತೆ ಹೇಳತ್ತೆ, ಎಷ್ಟು ಸ್ಪೀಡು, ಯಾವ ಸೈಜ್ ಕಾಗದ ಅಂತ. ಕಳಿಸೋ ಮೆಷಿನ್ ಒಂದು ಸ್ಪೀಡ್ ಆರಿಸಿ, ಒಂದೂವರೆ ಸೆಕೆಂಡ್ ಪರೀಕ್ಷೆಗೆ ಶ್‌ಶ್ ಅಂತ ಕಳಿಸತ್ತೆ. ಆ ಕಡೆ ಸರಿಯಾಗಿ ಕೇಳಿಸ್ತು ಅಂದ್ರೆ ಪುಟ ಶುರು, ಇಲ್ಲಾಂದ್ರೆ ಸ್ಪೀಡ್ ಒಂದು ಮೆಟ್ಟಿಲು ಇಳಿಸಿ ಮತ್ತೆ ಪರೀಕ್ಷೆ. ಸೆಕೆಂಡಿಗೆ 14400 ಬಿಟ್‌ನಿಂದ 9600, 7200, 4800, ಕೊನೆಗೆ 2400ರವರೆಗೂ ಇಳಿಯತ್ತೆ.

ಹಾಗಾಗಿ ಸಿಳ್ಳೆನೇ ಬರ್ಲಿಲ್ಲ ಅಂದ್ರೆ ಆ ಕಡೆ ಮೆಷಿನ್ ಎತ್ತಿಲ್ಲ, ಅಥವಾ ಮನುಷ್ಯರು ಎತ್ತಿದಾರೆ. ಸಿಳ್ಳೆ, ಗರಗರ ಬಂದು ಶ್‌ಶ್ ಅನ್ನೋದು ನಾಲ್ಕೈದು ಸಲ ಆಗ್ತಾನೇ ಇದೆ ಅಂದ್ರೆ ಲೈನ್ ಕೆಟ್ಟಿದೆ, ಎರಡೂ ಕಡೆಯವರು ಚೌಕಾಸಿ ಮಾಡಿ ಒಪ್ಪಂದಕ್ಕೆ ಬರ್ತಿಲ್ಲ. ಎಲ್ಲ ಸರಿ ಹೋಗಿ ಪುಟದ ಮಧ್ಯೆ ನಿಂತ್ರೆ ಯಾರೋ ಪ್ಯಾರಲಲ್ ಫೋನ್ ಎತ್ತಿದ್ರು, ಕಾಲ್ ವೇಟಿಂಗ್ ಬೀಪ್ ಬಂತು, ಅಥವಾ ಫೈಬರ್ ಲೈನಿನ ಕಥೆ.

ಫೈಬರ್ ಲೈನ್ ಇದ್ದವರು ಇದನ್ನ ನಿಧಾನ ಓದಿ

ತಾಮ್ರದಲ್ಲಿ ನಿಮ್ಮ ಸದ್ದು ಎಕ್ಸ್‌ಚೇಂಜ್ ತನಕ ಸದ್ದಾಗೇ ಹೋಗ್ತಿತ್ತು. ಫೈಬರಲ್ಲಿ ಒಎನ್‌ಟಿ ಒಳಗೇ ಅದನ್ನ ಚೂರು ಚೂರು ಪ್ಯಾಕೆಟ್ ಮಾಡಿ ಕಳಿಸತ್ತೆ. ಮಾತಿಗೆ ಒಂದೆರಡು ಚೂರು ಕಳೆದ್ರೆ ಗೊತ್ತೇ ಆಗಲ್ಲ, ಫ್ಯಾಕ್ಸಿಗೆ ಒಂದು ಚೂರು ತಡ ಆದ್ರೂ ಎಣಿಕೆ ತಪ್ಪತ್ತೆ.

ಇದಕ್ಕೆ ಎರಡು ದಾರಿ ಇದೆ. ಒಂದು, ಸದ್ದನ್ನ ಹಿಂಡದೇ ಹಾಗೇ ಕಳಿಸೋದು, ಅದು ಜಿ.711 ಅನ್ನೋ ಕೋಡೆಕ್, ಅಂದ್ರೆ ಸದ್ದನ್ನ ಡೇಟಾ ಮಾಡೋ ಪದ್ಧತಿ, ಸೆಕೆಂಡಿಗೆ 64 ಕಿಲೋಬಿಟ್ ತಗೊಳ್ಳತ್ತೆ. ಇದರ ಬದಲು 8 ಕಿಲೋಬಿಟ್ಟಿನ ಜಿ.729 ಇಟ್ಟಿದ್ರೆ ಮಾತು ಚೆನ್ನಾಗೇ ಕೇಳಿಸತ್ತೆ, ಫ್ಯಾಕ್ಸ್ ಮಾತ್ರ ಹೋಗಲ್ಲ. ಎರಡನೇ ದಾರಿ ಟಿ.38, ಇದರಲ್ಲಿ ಒಎನ್‌ಟಿ ತಾನೇ ಫ್ಯಾಕ್ಸಿನ ಸದ್ದನ್ನ ಬಿಡಿಸಿ ಒಳಗಿನ ಡೇಟಾ ತೆಗೆದು ಕಳಿಸತ್ತೆ, ಆ ಕಡೆ ಮತ್ತೆ ಸದ್ದಾಗಿ ಮಾಡ್ತಾರೆ. ಇದು ನಮ್ಮ ಪೆಟ್ಟಿಗೆಯಲ್ಲಿ ಮಾತ್ರ ಇದ್ರೆ ಸಾಲದು, ಕಂಪನಿ ಕಡೆಯ ಸರ್ವರಲ್ಲೂ ಇರ್ಬೇಕು. ಹಾಗಾಗಿ ಕನೆಕ್ಷನ್ ಕೊಟ್ಟವರ ಹತ್ರ ಸುಮ್ನೆ ಫ್ಯಾಕ್ಸ್ ಕೆಲಸ ಮಾಡತ್ತಾ ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೆ. ಕೇಳ್ಬೇಕಾದ್ದು ಹೀಗೆ: ನನ್ನ ವಾಯ್ಸ್ ಪೋರ್ಟಲ್ಲಿ ಫ್ಯಾಕ್ಸಿಗೆ ಟಿ.38 ಆನ್ ಇದ್ಯಾ, ಇಲ್ಲಾಂದ್ರೆ ಕೋಡೆಕ್ ಜಿ.711 ಮೊದಲು ಬರೋ ಹಾಗೆ ಇದ್ಯಾ. ಒಎನ್‌ಟಿ ಮೆನುಗೆ ನೀವೇ ನುಗ್ಗಿ ವಾಯ್ಸ್ ಸೆಟ್ಟಿಂಗ್ ಬದಲಾಯಿಸ್ಬೇಡಿ, ಫೋನೇ ಸತ್ತುಹೋದ್ರೆ ಮತ್ತೆ ಅವರೇ ಬರ್ಬೇಕು.

ನಿಮ್ಮ ಕೈಲಿರೋದು ಮೆಷಿನ್ನಿನ ಸ್ಪೀಡು. ಸೂಪರ್ ಜಿ3 ಅಂತ ಬರೆದಿರೋ ಮೆಷಿನ್ನುಗಳು ವಿ.34 ಅನ್ನೋ ಪದ್ಧತಿಯಲ್ಲಿ 33600 ವೇಗಕ್ಕೆ ಹೋಗೋಕೆ ನೋಡ್ತವೆ, ಫೈಬರ್ ಲೈನಲ್ಲಿ ಅದೇ ಕಂಟಕ. ಮೆನುವಲ್ಲಿ ಫ್ಯಾಕ್ಸ್ ಸ್ಪೀಡ್ ಹುಡುಕಿ 14400 ಮಾಡಿ. ಆಗ್ಲಿಲ್ಲ ಅಂದ್ರೆ 9600. ಬ್ರದರ್ ಮೆಷಿನ್ನುಗಳಲ್ಲಿ ಕಾಂಪ್ಯಾಟಿಬಿಲಿಟಿ ಅನ್ನೋ ಕಡೆ ಬೇಸಿಕ್ ಫಾರ್ ವಿಒಐಪಿ ಅಂತಾನೇ ಆಯ್ಕೆ ಇರತ್ತೆ, ಅದನ್ನ ಒತ್ತಿದ್ರೆ ಸಾಕು. ಪ್ಯಾನಾಸೋನಿಕ್‌ನಲ್ಲಿ ಓವರ್‌ಸೀಸ್ ಮೋಡ್ ಇರತ್ತೆ, ಅದೂ ನಿಧಾನ ಮಾಡೋಕೇ ಇರೋದು. ಒಂದು ಪುಟಕ್ಕೆ ಕೆಲವು ಸೆಕೆಂಡ್ ಜಾಸ್ತಿ ಆಗತ್ತೆ, ಮೂರು ಸಲ ಫೇಲ್ ಆಗೋ ಬದಲು ಒಂದು ಸಲ ನಿಧಾನ ಹೋಗ್ಲಿ.

ಇನ್ನೊಂದು ಇಸಿಎಂ, ತಪ್ಪು ತಿದ್ದೋ ವ್ಯವಸ್ಥೆ. ಆನ್ ಇದ್ರೆ ಕೆಟ್ಟ ತುಣುಕನ್ನ ಮತ್ತೆ ಮತ್ತೆ ಕೇಳಿ ಪಡೆಯತ್ತೆ, ಪುಟ ಸ್ವಚ್ಛ ಬರತ್ತೆ, ಆದರೆ ಲೈನ್ ತೀರಾ ಕೆಟ್ಟಿದ್ರೆ ಕೇಳಿ ಕೇಳಿ ಸೋತು ಕಟ್ ಆಗತ್ತೆ. ಆಫ್ ಮಾಡಿದ್ರೆ ಪುಟ ಹೋಗತ್ತೆ, ಅಲ್ಲಲ್ಲಿ ಗೆರೆ ಮಸುಕಾಗಿ ಅಥವಾ ಒಂದು ಸಾಲು ತಿಂದು ಹೋಗಿರಬಹುದು. ಇಸಿಎಂ ಆಫ್ ಮಾಡಿದ್ರೆ ಸೂಪರ್ ಜಿ3 ತಾನಾಗೇ ಬಂದ್ ಆಗತ್ತೆ, ಯಾಕಂದ್ರೆ ವಿ.34 ಫ್ಯಾಕ್ಸಿಗೆ ಇಸಿಎಂ ಕಡ್ಡಾಯ. ನನ್ನ ಕ್ರಮ ಹೀಗೆ: ಮೊದಲು ಇಸಿಎಂ ಆನ್ ಇಟ್ಟೇ ಸ್ಪೀಡ್ ಇಳಿಸ್ತಾ ಬರೋದು, 9600ರಲ್ಲೂ ಆಗ್ಲಿಲ್ಲ ಅಂದ್ರೆ ಮಾತ್ರ ಇಸಿಎಂ ಆಫ್. ಆಫ್ ಇಟ್ಟವರು ಹಣದ ಮೊತ್ತ, ಔಷಧಿ ಡೋಸು, ಖಾತೆ ನಂಬರ್ ಇರೋ ಕಾಗದ ಕಳಿಸಿದ್ರೆ ಆ ಕಡೆಯವರಿಗೆ ಫೋನ್ ಮಾಡಿ ಅಂಕಿ ಓದಿಸಿ, ಇದನ್ನ ದಯವಿಟ್ಟು ಬಿಡಬೇಡಿ, 8 ಅನ್ನೋದು 3 ಥರ ಕಾಣೋಕೆ ಒಂದು ಗೆರೆ ಸಾಕು.

ಇನ್ನು ಕರೆಂಟ್. ತಾಮ್ರದ ಲೈನಿಗೆ ಎಕ್ಸ್‌ಚೇಂಜಿಂದ ವಿದ್ಯುತ್ ಬರ್ತಿತ್ತು, ಮನೇಲಿ ಕರೆಂಟ್ ಹೋದ್ರೂ ಫೋನ್ ಬದುಕಿರ್ತಿತ್ತು. ಒಎನ್‌ಟಿ ಹಾಗಲ್ಲ. ಅದಕ್ಕೊಂದು ಮಿನಿ ಯುಪಿಎಸ್ ಹಾಕಿ, ಅದರ ವೋಲ್ಟೇಜ್ ಒಎನ್‌ಟಿ ಅಡಾಪ್ಟರ್ ಮೇಲೆ ಬರೆದಿರೋದಕ್ಕೆ ಸರಿಹೊಂದ್ಬೇಕು, ಹೆಚ್ಚಿನವು 12 ವೋಲ್ಟು.

ಮೊದಲ ಫ್ಯಾಕ್ಸ್

ಊರಲ್ಲಿ ಫ್ಯಾಕ್ಸ್ ಇನ್ನೂ ಇಟ್ಕೊಂಡಿರೋ ಝೆರಾಕ್ಸ್ ಅಂಗಡಿ ಒಂದಾದ್ರೂ ಇದ್ರೆ ಅವರ ಹತ್ರ ಮೊದಲೇ ಮಾತಾಡ್ಕೊಳ್ಳಿ, ಒಂದು ಕಳಿಸಿ, ಒಂದು ತರಿಸಿ. ಎರಡೂ ಕಡೆ ಟೆಸ್ಟ್ ಆಗ್ಬೇಕು, ಹೋಗೋದು ಸರಿ ಇದ್ದು ಬರೋದು ಕೆಟ್ಟಿರೋದು ಸಾಮಾನ್ಯ. ಒಂದು ಪುಟ ಅಲ್ಲ, ಮೂರು ಪುಟ ಕಳಿಸಿ, ಕೆಟ್ಟ ಲೈನ್ ಮೊದಲ ಪುಟದಲ್ಲಿ ಬಣ್ಣ ಬಿಡಲ್ಲ.

ನಂಬರ್ ಹೊಡೆಯುವಾಗ ಎಣಿಸಿ. ನಮ್ಮ ದೇಶದ ಲ್ಯಾಂಡ್‌ಲೈನಿಗೆ ಸೊನ್ನೆ ಸೇರಿ ಒಟ್ಟು 11 ಅಂಕಿ. ಬೆಂಗಳೂರು 080 ಆದ್ರೆ ಮುಂದೆ ಎಂಟು, ಮೈಸೂರು 0821, ಹುಬ್ಬಳ್ಳಿ 0836 ಆದ್ರೆ ಮುಂದೆ ಏಳು, ಶಿವಮೊಗ್ಗ 08182 ಆದ್ರೆ ಆರು. ಹಳೇ ಲೆಟರ್‌ಹೆಡ್ಡಲ್ಲಿ ಒಂದು ಅಂಕಿ ಕಮ್ಮಿ ಇದ್ರೆ ಆ ನಂಬರ್ ಎಷ್ಟೋ ವರ್ಷದ ಹಿಂದಿನದು ಅಂತ. ಅಮೆರಿಕಕ್ಕೆ ಕಳಿಸೋದಾದ್ರೆ +1 ಅಂತ ಬರೆದಿರ್ತಾರೆ, ಮೆಷಿನ್ನಲ್ಲಿ ಡಯಲ್ ಮಾಡುವಾಗ ಪ್ಲಸ್ ಬದಲು 00 ಹಾಕಿ, 001 ಆದ್ಮೇಲೆ ಅವರ 10 ಅಂಕಿ. ಇಂಟರ್‌ಕಾಮ್ ಮೂಲಕ ಹೋಗೋರು ಹೊರಗಿನ ಲೈನ್ ಹಿಡಿಯೋ ಸೊನ್ನೆ ಅಥವಾ 9 ಹೊಡೆದು, ಸ್ವಲ್ಪ ಹೊತ್ತು ನಿಲ್ಲಿಸೋ ರೀಡಯಲ್/ಪಾಝ್ ಬಟನ್ ಒಂದು ಸಲ ಒತ್ತಿ, ಆಮೇಲೆ ಎಸ್‌ಟಿಡಿ ಕೋಡ್ ಹೊಡೀರಿ. ಆ ಪಾಝ್ ಇಲ್ದಿದ್ರೆ ಹೊರಗಿನ ಡಯಲ್ ಟೋನ್ ಬರೋ ಮೊದಲೇ ಅರ್ಧ ನಂಬರ್ ಖಾಲಿ ಆಗಿರತ್ತೆ.

ಆ ಕಡೆ ಮನುಷ್ಯರು ಎತ್ತೋ ಆಫೀಸಾದ್ರೆ, ಸರ್ಕಾರಿ ಆಫೀಸು ಹೆಚ್ಚಿನವು ಹಾಗೇ, ಮ್ಯಾನುಯಲ್ ಆಗಿ ಕಳಿಸ್ಬೇಕು. ಕಾಗದ ಹಾಕಿ, ರಿಸೀವರ್ ಎತ್ತಿ ಡಯಲ್ ಮಾಡಿ, ಅವರು ಹಲೋ ಅಂದ್ರೆ 'ಫ್ಯಾಕ್ಸ್ ಟೋನ್ ಕೊಡಿ ಸಾರ್' ಅನ್ನಿ. ಅವರು ಅಲ್ಲಿ ಸ್ಟಾರ್ಟ್ ಒತ್ತಿದ ಮೇಲೆ ಸಿಳ್ಳೆ ಕೇಳತ್ತೆ, ಕೇಳಿದ ಮೇಲೆ ನೀವು ಸ್ಟಾರ್ಟ್ ಒತ್ತಿ, ಒತ್ತಿ ರಿಸೀವರ್ ಇಟ್ಬಿಡಿ. ಸಿಳ್ಳೆ ಬರೋಕೆ ಮೊದಲೇ ನೀವು ಒತ್ತಿದ್ರೆ ಇಬ್ಬರೂ ಒಟ್ಟಿಗೆ ಮಾತಾಡೋಕೆ ಹೋದ ಹಾಗಾಗತ್ತೆ.

ಕಾಗದದ ವಿಷಯ ಎರಡೇ ಮಾತು. ಪಿನ್ ತೆಗೀರಿ, ಕಪ್ಪು ಪೆನ್ನಲ್ಲಿ ಬರೀರಿ, ಪೆನ್ಸಿಲ್ ಮತ್ತು ತಿಳಿ ನೀಲಿ ಹೋಗಲ್ಲ. ಸಣ್ಣ ಅಕ್ಷರ ಇದ್ರೆ, ಅದರಲ್ಲೂ ಕನ್ನಡದ ಒತ್ತಕ್ಷರ ತುಂಬಿರೋ ಪತ್ರ ಆದ್ರೆ ರೆಸಲ್ಯೂಷನ್ ಫೈನ್ ಇಡಿ. ಸ್ಟ್ಯಾಂಡರ್ಡಲ್ಲಿ ಮೇಲಿಂದ ಕೆಳಕ್ಕೆ ಇಂಚಿಗೆ 98 ಗೆರೆ ಮಾತ್ರ, ಫೈನಲ್ಲಿ 196. ಇಂಗ್ಲಿಷಿಗೆ 98 ಸಾಕಾಗತ್ತೆ, ಆದರೆ ನಮ್ಮ ಲಿಪಿಯಲ್ಲಿ ಕ್ಷ, ಜ್ಞ, ಷ್ಟ್ರ ಇವೆಲ್ಲ ಅಷ್ಟರಲ್ಲಿ ಮುದ್ದೆ ಆಗಿಬಿಡ್ತವೆ. ನಾನು ಕನ್ನಡ ಕಾಗದ ಕಳಿಸೋ ಆಫೀಸುಗಳಲ್ಲಿ ಫೈನನ್ನೇ ಡೀಫಾಲ್ಟ್ ಮಾಡಿ ಬರ್ತೀನಿ.

ನೀವು ಕಳಿಸಿದ ಎಲ್ಲ ಪುಟದಲ್ಲೂ ಉದ್ದಕ್ಕೆ ಕಪ್ಪು ಗೆರೆ ಇದೆ ಅಂತ ಆ ಕಡೆಯವರು ಹೇಳಿದ್ರೆ, ಒಂದು ಕಾಪಿ ತೆಗೀರಿ. ಕಾಪಿಯಲ್ಲೂ ಗೆರೆ ಬಂದ್ರೆ ಕಾಗದ ಹಾದುಹೋಗೋ ಕಡೆಯ ಕಿರಿದಾದ ಗಾಜಿನ ಪಟ್ಟಿ ಮೇಲೆ ಒಂದು ಚುಕ್ಕೆ ಕೂತಿದೆ, ಹೆಚ್ಚಾಗಿ ಒಣಗದ ವೈಟ್ನರ್. ಮೆಷಿನ್ ಆಫ್ ಮಾಡಿ, ಮೆತ್ತನೆ ಬಟ್ಟೆಗೆ ಸ್ಪಿರಿಟ್ ಸ್ವಲ್ಪ ಹಾಕಿ ಒರೆಸಿ, ಹೋಗ್ಲಿಲ್ಲ ಅಂದ್ರೆ ಉಗುರಲ್ಲಿ ಮೆಲ್ಲಗೆ ಕೆರೀರಿ, ಬ್ಲೇಡ್ ಬೇಡ. ಕಾಪಿ ಸ್ವಚ್ಛ ಇದ್ರೆ ಗೆರೆ ಅವರ ಪ್ರಿಂಟರಿಂದು.

ರಿಪೋರ್ಟು, ಮತ್ತೆ ಗುಡುಗು

ಟ್ರಾನ್ಸ್‌ಮಿಷನ್ ರಿಪೋರ್ಟ್ ಪ್ರತೀ ಸಲ ಬರೋ ಹಾಗೆ ಆನ್ ಮಾಡಿ. ನಂಬರ್, ಟೈಮ್, ಪುಟ, ಓಕೆ ಅಂತ ಬರತ್ತೆ. ಕಳಿಸಿದ ಮೂಲ ಕಾಗದದ ಹಿಂದೆ ಅದನ್ನ ಪಿನ್ ಮಾಡಿ ಫೈಲಿಗೆ ಹಾಕಿ. ಪುಟಗಳ ಸಂಖ್ಯೆ ನೋಡೋದು ಮರೀಬೇಡಿ, ಐದು ಹಾಕಿದ್ದಕ್ಕೆ ನಾಲ್ಕು ಓಕೆ ಅಂತ ಇದ್ರೆ ಎರಡು ಹಾಳೆ ಒಟ್ಟಿಗೆ ಎಳೆದಿದೆ ಅಂತ. ಥರ್ಮಲ್ ಕಾಗದದಲ್ಲಿ ಬಂದಿದ್ದು ಮಾತ್ರ ಅವತ್ತೇ ಝೆರಾಕ್ಸ್ ಮಾಡಿ ಇಡಿ, ಬಿಸಿಲಿಗೆ, ಬಿಸಿಗೆ, ಪ್ಲಾಸ್ಟಿಕ್ ಕವರಿಗೆ ಅದು ಅಳಿಸಿಹೋಗತ್ತೆ, ಕೋರ್ಟಿಗೆ ತೆಗೆಯೋ ಹೊತ್ತಿಗೆ ಖಾಲಿ ಹಾಳೆ ಸಿಕ್ಕಿದವರನ್ನ ನೋಡಿದೀನಿ, ತುಂಬ ಬೇಜಾರಾಗತ್ತೆ.

ಮಲೆನಾಡು, ಕರಾವಳಿ ಕಡೆಯವರು ಗುಡುಗು ಸಿಡಿಲಿನ ಹೊತ್ತಲ್ಲಿ ಕರೆಂಟ್ ಪ್ಲಗ್ ಒಂದೇ ತೆಗೆದು ಸುಮ್ನೆ ಕೂರ್ತಾರೆ. ತಾಮ್ರದ ಲೈನಿದ್ರೆ ಸಿಡಿಲು ಹೆಚ್ಚಾಗಿ ಟೆಲಿಫೋನ್ ವೈರಿಂದಲೇ ಒಳಗೆ ಬರೋದು, ಕಂಬದಿಂದ ಕಂಬಕ್ಕೆ ಅಡಿಕೆ ತೋಟದ ಮಧ್ಯೆ ಅಷ್ಟು ಉದ್ದ ಎಳೆದಿರೋ ವೈರು ಅದು. ಮೆಷಿನ್ ಆನ್ ಆಗತ್ತೆ, ಕಾಪಿ ತೆಗೆಯತ್ತೆ, ಡಯಲ್ ಟೋನ್ ಮಾತ್ರ ಇಲ್ಲ ಅಂದ್ರೆ ಒಳಗಿನ ಮೋಡೆಮ್ ಭಾಗ ಸುಟ್ಟಿದೆ, ಬೋರ್ಡ್ ಬದಲಿಸೋ ಖರ್ಚಿಗೆ ಸೆಕೆಂಡ್ ಹ್ಯಾಂಡ್ ಮೆಷಿನ್ನೇ ಬಂದುಬಿಡತ್ತೆ. ಮೋಡ ಕಪ್ಪಾಯ್ತು ಅಂದಾಗಲೇ, ಗುಡುಗು ಶುರುವಾಗೋ ಮೊದಲೇ, ಕರೆಂಟ್ ಪ್ಲಗ್ಗು, ಫೋನ್ ವೈರು ಎರಡೂ ತೆಗೀರಿ, ಗುಡುಗು ಕೇಳಿದ ಮೇಲೆ ವೈರ್ ಮುಟ್ಟಬೇಡಿ. ಫೈಬರ್ ಇದ್ದವರು ಫ್ಯಾಕ್ಸ್ ಮತ್ತು ಒಎನ್‌ಟಿ ಎರಡರ ಕರೆಂಟ್ ತೆಗೀರಿ. ತೆಗೆದಿದ್ದನ್ನ ಬೆಳಿಗ್ಗೆ ವಾಪಸ್ ಹಾಕೋಕೆ ಮರೆತು ಎರಡು ದಿನ ಫ್ಯಾಕ್ಸ್ ಬಂದಿಲ್ಲ ಅಂತ ಫೋನ್ ಮಾಡೋರು ಇದಾರೆ, ಅದಕ್ಕೆ ನಾನು ಮೆಷಿನ್ ಮೇಲೆ ಒಂದು ಚೀಟಿ ಅಂಟಿಸಿ ಬರ್ತೀನಿ: ಸ್ಪೀಡ್ ಎಷ್ಟಕ್ಕೆ ಇಟ್ಟಿದೀನಿ, ಇಸಿಎಂ ಆನಾ ಆಫಾ, ಎಷ್ಟು ರಿಂಗು, ಲೈನ್ ವೈರ್ ಯಾವ ತೂತಿಗೆ.